ಪಿಎಚ್‌ಡಿ ಮುಗಿಯುವಷ್ಟರಲ್ಲಿ ಕ್ಯಾನ್ಸರ್‌ಗೆ ಮದ್ದು ಕಂಡುಹಿಡಿಯಬಹುದಾ?

ಪ್ರಶ್ನೆ: ಎಂಎಸ್ಸಿ ಕೆಮಿಸ್ಟ್ರಿ ಮುಗಿಸಿದ್ದೇನೆ. ಕ್ಯಾನ್ಸರ್ ಔಷಧಗಳ ಮೇಲೆ ಪಿಎಚ್‌ಡಿ ಮಾಡುವ ಆಸೆ. ನಾಲ್ಕೈದು ವರ್ಷದಲ್ಲಿ ಒಂದು ಮದ್ದು ಕಂಡುಹಿಡಿಯಲು ಆಗುತ್ತದೆಯೇ?

ಉತ್ತರ: ರೋಗಿ ನುಂಗುವ ಮಾತ್ರೆಯೇ ಬೇಕು ಅಂದರೆ, ಆಗುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ. ನೀವು ಕಲಿಯುವುದು ಬೇರೆ: ಅಣುವಿನ ಯಾವ ಭಾಗ ಬದಲಿಸಿದರೆ ಏನಾಗುತ್ತದೆ ಎಂದು ಊಹಿಸುವುದು, ಆ ಊಹೆ ನಿಜವೋ ಸುಳ್ಳೋ ಎಂದು ಮಾಡಿ ನೋಡುವುದು.

ಇಮ್ಯಾಟಿನಿಬ್ ಎಂಬ ಮಾತ್ರೆಯನ್ನೇ ನೋಡಿ. ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆ ಇದಕ್ಕೆ 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇದರ ಹಿಂದಿನ ಅಣುಗಳು ತಡೆಯಬೇಕಾದ, ಕ್ಯಾನ್ಸರ್ ಬೆಳೆಸುವ ಕಿಣ್ವದ ಜೊತೆ ಪ್ರೋಟೀನ್ ಕೈನೇಸ್ ಸಿ ಎಂಬ ಬೇಡದ ಕಿಣ್ವವನ್ನೂ ತಡೆಯುತ್ತಿದ್ದವು. ಅಣುವಿನ ಒಂದು ಉಂಗುರದ ಸರಿಯಾದ ಜಾಗಕ್ಕೆ ಮೀಥೈಲ್ ಎಂಬ ಪುಟ್ಟ ತುಣುಕು ಸೇರಿಸಿದರು. ಅಣು ನಿಲ್ಲುವ ಭಂಗಿ ಬದಲಾಯಿತು, ಬೇಡದ ಕಿಣ್ವದ ಕಾಟ ತಪ್ಪಿತು. ಒಂದು ಇಂಗಾಲ, ಮೂರು ಹೈಡ್ರೋಜನ್, ಅಷ್ಟೇ! ಆದರೆ ಅಣು ನೀರಿನಲ್ಲಿ ಸರಿಯಾಗಿ ಕರಗುತ್ತಿರಲಿಲ್ಲ. ನೀರಿಗೆ ಒಗ್ಗುವ ಮೀಥೈಲ್‌ಪಿಪರಜೀನ್ ಎಂಬ ತುಣುಕು ಜೋಡಿಸಿದ ಮೇಲೆ ಆ ತೊಂದರೆಯೂ ನೀಗಿತು. ಈ ಕೆಲಸದ ಮೇಲೆ ನನಗೆ ಪ್ರೀತಿ ಹುಟ್ಟಿದ್ದೇ ಇಂಥ ಕಥೆಗಳಿಂದ.

ನಿಮ್ಮ ದಿನಗಳೂ ಹೀಗೇ ಸಾಗುತ್ತವೆ. ರಿಯಾಕ್ಷನ್ ಹಾಕಿ, ಅದು ಎಷ್ಟು ಮುಗಿದಿದೆ ಎಂದು ತೋರಿಸುವ ಟಿಎಲ್‌ಸಿ ನೋಡಿ, ಪದಾರ್ಥಗಳನ್ನು ಬೇರ್ಪಡಿಸುವ ಕಾಲಂನಲ್ಲಿ ಶುದ್ಧ ಮಾಡಿ, ಅಣುವಿನ ರಚನೆ ತಿಳಿಸುವ ಎನ್‌ಎಂಆರ್‌ನಲ್ಲಿ ಖಚಿತ ಮಾಡಿಕೊಳ್ಳಬೇಕು. ಆಮೇಲೆ ಜೀವಕೋಶಗಳ ಮೇಲೆ ಪರೀಕ್ಷೆ. ಕ್ಯಾನ್ಸರ್ ಕೋಶ ಸತ್ತರೆ ಸಾಲದು. ವಿಷ ಹಾಕಿದರೂ ಸಾಯುತ್ತದೆ ಅಲ್ವಾ? ಆರೋಗ್ಯವಂತ ಕೋಶ ಉಳಿಯಬೇಕು. ಬಹಳಷ್ಟು ಅಣುಗಳು ಇಲ್ಲೇ ಸೋಲುತ್ತವೆ. ಯಾಕೆ ಸೋತಿತು ಎಂದು ಹೇಳಬಲ್ಲಿರಾದರೆ ಅದೂ ಥೀಸಿಸ್‌ಗೆ ಸೇರುತ್ತದೆ.

ಮದ್ದು ಆಗದ ಅಣು ವ್ಯರ್ಥ ಎಂದುಕೊಳ್ಳಬೇಡಿ. ಮನುಷ್ಯರ ಗಡ್ಡೆಗಳಲ್ಲಿ ಕೆರಾಸ್ (KRAS) ಎಂಬ, ಕೋಶದ ಬೆಳವಣಿಗೆ ನಿಯಂತ್ರಿಸುವ ಜೀನ್ ಕೆಟ್ಟಿರುವುದು 1980ರ ದಶಕದಲ್ಲೇ ಗೊತ್ತಿತ್ತು. ಅದರ ಪ್ರೋಟೀನಿನಲ್ಲಿ ಔಷಧ ಕೂರಲು ತಕ್ಕ ಜಾಗವೇ ಇಲ್ಲವೆಂದು ಬಹುತೇಕರು ಕೈಚೆಲ್ಲಿದ್ದರು. 2013ರಲ್ಲಿ ಒಂದು ವಿಶ್ವವಿದ್ಯಾಲಯದ ಲ್ಯಾಬ್ ಅಲ್ಲೊಂದು ಗುಳಿ ಇದೆ ಎಂದು ತೋರಿಸಿತು. ಅವರ ಅಣುಗಳು ಮದ್ದಾಗಲಿಲ್ಲ. ಆದರೆ ಅದೇ ದಾರಿ ಹಿಡಿದು ಬಂದ ಸೊಟೊರಾಸಿಬ್ ಎಂಬ ಕ್ಯಾನ್ಸರ್ ಮದ್ದಿಗೆ 2021ರಲ್ಲಿ ಒಪ್ಪಿಗೆ ಸಿಕ್ಕಿತು.

ಲ್ಯಾಬ್ ಆರಿಸುವಾಗ ಸುಮ್ನೆ ಹೆಸರು ನೋಡಬೇಡಿ. ನೀವು ಮಾಡಿದ ಅಣುವನ್ನು ಯಾರು ಪರೀಕ್ಷಿಸುತ್ತಾರೆ, ಫಲಿತಾಂಶ ಎಷ್ಟು ದಿನಕ್ಕೆ ಬರುತ್ತದೆ ಎಂದು ಅಲ್ಲಿನ ವಿದ್ಯಾರ್ಥಿಗಳನ್ನೇ ಕೇಳಿ. ಎರಡು ವಾರಕ್ಕೆ ಬಂದರೆ ಮುಂದಿನ ಅಣು ಯಾವುದೆಂದು ನೀವೇ ಯೋಚಿಸುತ್ತೀರಿ. ಆರು ತಿಂಗಳಾದರೆ ಕಣ್ಣು ಮುಚ್ಚಿಕೊಂಡು ಅಣು ಮಾಡುತ್ತಾ ಕೂರಬೇಕಾಗುತ್ತದೆ.