ಶೂಟಿಂಗ್ ಜಾಕೆಟ್ ಹೊಲಿಗೆಗೆ ಕೊಡುವ ಮುನ್ನ: 70 ಮಿಲಿಮೀಟರ್ ಲೆಕ್ಕ

ಧಾರವಾಡದಲ್ಲಿ 10 ಮೀಟರ್ ಏರ್ ರೈಫಲ್ ಕಲಿಯಲು ಶುರು ಮಾಡಿದಾಗ ನನಗೆ ಸಿಕ್ಕಿದ್ದು ಸೀನಿಯರ್ ಒಬ್ಬರು ಬಳಸಿ ಬಿಟ್ಟ ಜಾಕೆಟ್, ಅಂದರೆ ಗುರಿ ಹಿಡಿಯುವಾಗ ಹಾಕುವ ಕ್ಯಾನ್ವಾಸ್, ಚರ್ಮದ ದಪ್ಪ ಕೋಟು. ಹೆಗಲು ದೊಡ್ಡದು, ಸೊಂಟ ಸಡಿಲು, ತೋಳು ಎರಡು ಬೆರಳು ಉದ್ದ. ಅದನ್ನು ಒಮ್ಮೆ ಕೆಡಿಸಿಕೊಂಡು, ಮತ್ತೆ ಬಿಚ್ಚಿಸಿ ಸರಿಮಾಡಿಸಿದಾಗ ಬರೆದಿಟ್ಟ ಟಿಪ್ಪಣಿ ಇದು. ಬಲಗೈ ಶೂಟರ್‌ಗೆಂದು ಬರೆದಿದ್ದೇನೆ; ಎಡಗೈಯವರು ಎಡ-ಬಲ ಅದಲುಬದಲು ಮಾಡಿಕೊಳ್ಳಿ.

ಜಾಕೆಟ್ ಬಿಗಿಯಾದಷ್ಟೂ ರೈಫಲ್ ಗಟ್ಟಿ ನಿಲ್ಲುತ್ತದೆ ಎಂದು ಹೊಸಬರೆಲ್ಲ ನಂಬುತ್ತೇವೆ. ಅದು ತಪ್ಪು. 10 ಮೀಟರ್ ಗುರಿಯಲ್ಲಿ ಹತ್ತು ಅಂಕದ ನಡುವಿನ ಚುಕ್ಕೆ ಅರ್ಧ ಮಿಲಿಮೀಟರ್ ಅಷ್ಟೇ. ಎದೆ ಬಿಗಿದಿದ್ದರೆ ಪ್ರತಿ ಉಸಿರಿಗೂ ನಳಿಗೆ ಏಳುತ್ತದೆ, ಇಳಿಯುತ್ತದೆ. 60 ಶಾಟ್, 75 ನಿಮಿಷ ಹಾಗೆ ನಿಲ್ಲಲು ಆಗುವುದಿಲ್ಲ. ಜಾಸ್ತಿ ಬಟ್ಟೆ ಎಲ್ಲಿ ಬೇಕೋ ಅಲ್ಲಿರಬೇಕು, ಬೇಡದ ಕಡೆ ಇರಬಾರದು. ಆಲ್ಟರೇಶನ್ ಮಾಡಿಸುವುದು ಅದಕ್ಕೆ.

ನಿಯಮವೂ ಅದನ್ನೇ ಹೇಳುತ್ತದೆ. ನಾನು ಕಲಿತ ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ರೈಫಲ್ ನಿಯಮಾವಳಿಯ ಪ್ರಕಾರ ಜಾಕೆಟ್ ಮೈಮೇಲೆ ಸಡಿಲವಾಗಿ ನಿಲ್ಲಬೇಕು. ಗುಂಡಿ ಹಾಕುವ ಜಾಗಕ್ಕಿಂತ ಆಚೆಗೆ ಇನ್ನೂ ಕನಿಷ್ಠ 70 ಮಿಮೀ ಎಳೆದು ಒಂದರ ಮೇಲೊಂದು ಬರುವಂತಿರಬೇಕು. ಗುಂಡಿಯ ನಡುವಿನಿಂದ ಕಾಜದ ಹೊರ ಅಂಚಿನವರೆಗೆ ಅಳತೆ. ಕೈಗಳು ಪಕ್ಕಕ್ಕೆ ಇಳಿಬಿಟ್ಟಿರಬೇಕು. ಎಳೆಯುವ ಬಲ 6ರಿಂದ 8 ಕೆಜಿ. ನಿಮ್ಮ ಪಂದ್ಯಕ್ಕೆ ಅನ್ವಯವಾಗುವ ಆವೃತ್ತಿಯನ್ನು ತಪ್ಪದೆ ನೋಡಿಕೊಳ್ಳಿ.

ಇದನ್ನು ಮನೆಯಲ್ಲೇ ಅಳೆಯಬಹುದು. ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಸಾಕು. ಜಾಕೆಟ್ ಹಾಕಿಕೊಂಡು ನಿಲ್ಲಿ, ಕೊಕ್ಕೆಯನ್ನು ಕಾಜಕ್ಕೆ ಸಿಕ್ಕಿಸಿ, ತಂಗಿಯೋ ಗೆಳೆಯನೋ 6 ಕೆಜಿ ತೋರಿಸುವವರೆಗೆ ಎಳೆಯಲಿ, ಇನ್ನೊಬ್ಬರು ಸ್ಕೇಲ್ ಹಿಡಿಯಲಿ. ಒಳಗೆ ಪಂದ್ಯದ ದಿನ ಹಾಕುವ ಬನಿಯನ್, ಸ್ವೆಟರೇ ಇರಬೇಕು. ಒಂದೊಂದು ಗುಂಡಿಗೂ ಬೇರೆ ಅಳತೆ ಬರುತ್ತದೆ. ನನ್ನದರಲ್ಲಿ ಎದೆಯ ಹತ್ತಿರ 105, ಹೊಟ್ಟೆಯ ಮೇಲೆ 110, ಕೆಳಗಿನ ಗುಂಡಿಗೆ 85 ಬಂತು.

ಈಗ ಲೆಕ್ಕ. ಹೊಟ್ಟೆಯ ಹತ್ತಿರ 110ರಲ್ಲಿ 70 ಕಳೆದರೆ ಉಳಿಯುವುದು 40. ಕೈಯಲ್ಲಿರುವ ಬಂಡವಾಳ ಇಷ್ಟೇ. ಊಟದ ಹೊಟ್ಟೆಗೆ, ಡಿಸೆಂಬರ್ ಬೆಳಗಿನ ದಪ್ಪ ಸ್ವೆಟರ್‌ಗೆ 10 ಬಿಟ್ಟರೆ 30. ಗುಂಡಿ ಸರಿಸಿದರೂ ಖರ್ಚಾಗುವುದು ಇದೇ 30, ಪಕ್ಕದ ಹೊಲಿಗೆ ಹಿಡಿಸಿದರೂ ಇದೇ 30.

ನಾನು ಎಡವಿದ್ದು ಇಲ್ಲಿಯೇ. ‘ಎರಡೂ ಪಕ್ಕ ಒಂದ್ ಬೆರಳು ಹಿಡೀರಿ’ ಅಂದೆ. ಟೇಲರ್ ಹೇಳಿದ್ದನ್ನೇ ಮಾಡಿದ. ಒಂದು ಬೆರಳು ಅಂದರೆ ಸುಮಾರು 15 ಮಿಮೀ. ಆದರೆ ಬಟ್ಟೆಯನ್ನು ಮಡಚಿ ಹಿಡಿದಾಗ ಎರಡು ಪದರ ಒಳಗೆ ಹೋಗುತ್ತದೆ, ಅಂದರೆ 30. ಎರಡೂ ಪಕ್ಕ ಸೇರಿ 60. 110 ಇದ್ದದ್ದು 50ಕ್ಕೆ ಇಳಿಯಿತು. ಕನ್ನಡಿ ಮುಂದೆ ಚೆಂದ ಕಂಡ ಜಾಕೆಟ್ ತಪಾಸಣೆಗೆ 20 ಮಿಮೀ ಕಡಿಮೆ. ಬಿಚ್ಚಿಸಿದೆವು. ಕ್ಯಾನ್ವಾಸ್‌ನ ತೂತು ಉಜ್ಜಿದರೆ ಅಷ್ಟಿಷ್ಟು ಮುಚ್ಚಿತು, ಚರ್ಮದ ಮೇಲಿನ ಸೂಜಿಯ ಸಾಲು ಇಂದಿಗೂ ಹಾಗೇ ಇದೆ. ಅದಕ್ಕೇ ಹೇಳುತ್ತೇನೆ, ಚರ್ಮಕ್ಕೆ ಗುಂಡುಸೂಜಿ ಚುಚ್ಚಿ ಟ್ರಯಲ್ ನೋಡಬೇಡಿ. ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ ನೋಡಿ.

ಎರಡನೇ ಸಲ ಹೊಲಿಗೆ ಮುಟ್ಟಲೇ ಇಲ್ಲ. ಮೇಲಿನ ಗುಂಡಿಗಳನ್ನು 20 ಮಿಮೀ ಒಳಗೆ ಸರಿಸಿದೆವು, ಕೆಳಗಿನದನ್ನು ಇದ್ದಲ್ಲೇ ಬಿಟ್ಟೆವು. ನಿಂತು ಗುರಿ ಹಿಡಿಯುವಾಗ ಸೊಂಟ ಮುಂದಕ್ಕೆ ಬರುತ್ತದೆ, ಅಲ್ಲಿ ಬಟ್ಟೆ ಬೇಕು. ಮುಕ್ಕಾಲು ಪಾಲು ಸಮಸ್ಯೆ ಅಷ್ಟರಲ್ಲೇ ಮುಗಿಯಿತು. ಯಾರೇ ಕೇಳಲಿ, ಮೊದಲು ಗುಂಡಿ ಸರಿಸಿ, ಕತ್ತರಿ ಆಮೇಲೆ ಎನ್ನುತ್ತೇನೆ.

ಪಕ್ಕದ ಹೊಲಿಗೆ ಮುಟ್ಟಲೇಬೇಕಾದರೆ ಇನ್ನೊಂದು ಎಚ್ಚರ. ನಿಂತು ಗುರಿ ಹಿಡಿದಾಗ ಎಡ ಮೊಣಕೈ ಪಕ್ಕೆಗೆ ಊರುವ ಜಾಗದಲ್ಲಿ, ಅದರ ತುದಿಯಿಂದ 70 ಮಿಮೀ ಮೇಲೆ, 20 ಮಿಮೀ ಕೆಳಗೆ ಹೊಲಿಗೆಯ ಗೆರೆ ಬರುವಂತಿಲ್ಲ. ಆ ಜಾಗ ಗುರುತಿಸಲು ತೋಳಿನ ಮೊಣಕೈಗೆ ಟೇಲರ್ ಸೀಮೆಸುಣ್ಣ ದಟ್ಟವಾಗಿ ಬಳಿದು, ಎಲ್ಲ ಗುಂಡಿ ಹಾಕಿ, ರೈಫಲ್ ಎತ್ತಿ ಪೊಸಿಶನ್‌ಗೆ ಬನ್ನಿ. ಕೈ ಇಳಿಸಿದಾಗ ಪಕ್ಕೆಯ ಮೇಲೆ ಬಿಳಿ ಅಚ್ಚು ಕಾಣುತ್ತದೆ. ಹೊಲಿಗೆಯನ್ನು ಅದರಿಂದ ದೂರ ಇಡಿಸಿ. ಬೆನ್ನಿನ ಭಾಗವನ್ನು ಮಾತ್ರ ಯಾವ ಕಾರಣಕ್ಕೂ ಹಿಡಿಸಬೇಡಿ. ಪಟ್ಟಿ ಸೇರಿಸಿ ಬೆನ್ನನ್ನು ಗಡುಸಾಗಿಸುವುದು ನಿಷಿದ್ಧ.

ಹೆಗಲಿನ ಸಡಿಲಕ್ಕೆ ನಿಯಮವೇ ದಾರಿ ಕೊಟ್ಟಿದೆ: ರೈಫಲ್ ಹಿಂಬದಿ ಕೂರುವ ಪ್ಯಾಡಿನ ಹತ್ತಿರ ಒಂದು ಜಿಪ್, ಇಲ್ಲವೇ ಎರಡಕ್ಕೆ ಮೀರದ ಪಟ್ಟಿ. ತೋಳು ಗಿಡ್ಡ ಮಾಡಿಸಿದ ಮೇಲೂ ಗುಂಡಿ ಹಾಕಿಕೊಂಡು ಎರಡೂ ಕೈ ಪೂರ್ತಿ ನೇರವಾಗಬೇಕು. ಜಾಕೆಟ್‌ನ ಉದ್ದ, ಕೈ ಇಳಿಬಿಟ್ಟು ಮುಷ್ಟಿ ಕಟ್ಟಿದರೆ ಮುಷ್ಟಿಯ ಕೆಳತುದಿ ದಾಟಬಾರದು.

ಯಾರ ಹತ್ತಿರ ಕೊಡಬೇಕು? ಸೂಟು ಹೊಲಿಯುವ ಅಂಗಡಿಗೆ ಬೇಡ, ಆ ಮಿಶಿನ್ ಈ ದಪ್ಪ ತಡೆಯುವುದಿಲ್ಲ. ಹುಬ್ಬಳ್ಳಿಯಲ್ಲಿ ಕಾರಿನ ಸೀಟ್ ಕವರ್, ಬ್ಯಾಗ್ ಹೊಲಿಯುವವರನ್ನು ಹುಡುಕಿ. ಅವರ ಹತ್ತಿರ ದಪ್ಪ ಸೂಜಿ, ಗಟ್ಟಿ ನೈಲಾನ್ ದಾರ, ಚರ್ಮ ಮುಂದೆ ನೂಕುವ ಮಿಶಿನ್ ಇರುತ್ತದೆ. ಹತ್ತಿರ ಕೂತು ಮಾಡಿಸಿ. ಕೆಲಸ ಗಟ್ಟಿ ಬರಲಿ ಎಂದು ಒಳಗೆ ಬಕ್ರಂ (ಕಾಲರ್‌ಗೆ ಇಡುವಂಥ ಗಡುಸು ಬಟ್ಟೆ) ಇಡುವುದು ಒಳ್ಳೆಯ ಟೇಲರ್‌ನ ಅಭ್ಯಾಸ. ಇಲ್ಲಿ ಅದೇ ಮುಳುವಾಗುತ್ತದೆ. ಒಳಪದರ ಸೇರಿ ಒಂದು ಪದರದ ದಪ್ಪ 2.5 ಮಿಮೀ ದಾಟಬಾರದು. ಗಡಸುತನದ ಪರೀಕ್ಷೆಯೂ ಉಂಟು: 60 ಮಿಮೀ ವ್ಯಾಸದ ಜಾಗದಲ್ಲಿ 1 ಕೆಜಿ ಭಾರಕ್ಕೆ ಬಟ್ಟೆ ಕನಿಷ್ಠ 3 ಮಿಮೀ ಕೆಳಗೆ ತಗ್ಗಬೇಕು. ಬಕ್ರಂ, ಅಂಟು, ವೆಲ್ಕ್ರೋ ಮೂರೂ ಬೇಡ ಎಂದು ಚೀಟಿ ಬರೆದೇ ಕೊಡಿ.

ಮನೆಗೆ ತಂದ ಮೇಲೆ ತಕ್ಕಡಿ ಹಿಡಿದು ಮತ್ತೊಮ್ಮೆ ಅಳೆಯಿರಿ. ಒಂದು ವಾರ ಡ್ರೈ ಫೈರ್ (ಗುಂಡು ಹಾಕದೆ ಗುರಿ ಹಿಡಿಯುವ ಅಭ್ಯಾಸ) ಮಾಡಿ, ಬೆವರು ಹೀರಿದ ಮೇಲೆ ಮೂರನೇ ಸಲ ಅಳೆಯಿರಿ. ಬಿಸಿಲಿಗೆ ಒಣಹಾಕಿದರೆ ಚರ್ಮ ಗಡುಸಾಗುತ್ತದೆ. ನೆರಳಲ್ಲಿ, ಅಗಲ ಹ್ಯಾಂಗರ್‌ಗೆ ತೂಗಿಹಾಕಿ. ಏನೇ ತಿದ್ದುಪಡಿ ಇದ್ದರೂ ಪಂದ್ಯದ ಸಲಕರಣೆ ತಪಾಸಣೆಗೆ ಮೊದಲೇ ಮುಗಿಸಿ. ಸೀಲ್ ಬಿದ್ದ ಮೇಲೆ ಗುಂಡಿ ಕೂಡ ಸರಿಸುವಂತಿಲ್ಲ.