ಪದ ಪರಿಚಯ: ಮಿಥ್ಯಾವಾಸ್ತವ (ವರ್ಚುವಲ್ ರಿಯಾಲಿಟಿ)

"ಎಲ್ಲ ಮಿಥ್ಯೆ ಅಂದ ಮೇಲೆ ಅದರೊಳಗೆ ಯಾರು ಸತ್ತರೇನು, ಯಾರು ಉಳಿದರೇನು ಮಾರಾಯ್ರೆ? ಹೆಡ್‌ಸೆಟ್ ತೆಗೆದಿಟ್ಟರೆ ಮುಗೀತಲ್ಲ!" ಕಂಪ್ಯೂಟರ್ ಕಟ್ಟಿದ ಮಿಥ್ಯಾವಾಸ್ತವದೊಳಗೆ ನಡೆಯುವ ಟ್ಯಾಡ್ ವಿಲಿಯಮ್ಸರ ಕಾದಂಬರಿ 'ಅದರ್‌ಲ್ಯಾಂಡ್' ವಿಷಯ ಬಂದಾಗಲೆಲ್ಲ ನಮ್ಮ ಮುಂಬಯಿಯ ಮಾಟುಂಗದ ಓದುಗರಲ್ಲಿ ಒಬ್ಬರಾದರೂ ಈ ಮಾತು ಎತ್ತುತ್ತಾರೆ. ಈಚೆಗೆ ಒಬ್ಬರು 'ಮಿಥ್ಯಾವಾಸ್ತವ, ಅಂದರೆ ಸುಳ್ಳು ಪ್ರಪಂಚ' ಎಂದು ಬರೆದೇ ಹಾಕಿದರು. ಕೃತಿ ಇಷ್ಟವಾಗದಿದ್ದರೆ ಬೇಡ. ಆದರೆ ಆ ಪದದ ಮೇಲೆ ಸಿಟ್ಟು ಯಾಕೆ?

ಮಿಥ್ಯಾ ಎಂಬುದರ ಮೂಲ 'ಮಿಥ್' ಧಾತು. ಮಿಥುನ ಹುಟ್ಟಿದ್ದೂ ಅಲ್ಲಿಂದಲೇ. ಎರಡು ಕೂಡುವುದು, ಎದುರುಬದುರಾಗುವುದು, ಅದಲುಬದಲಾಗುವುದು ಆ ಧಾತುವಿನ ಅರ್ಥಛಾಯೆಗಳು. ಒಂದರ ಜಾಗದಲ್ಲಿ ಇನ್ನೊಂದು ಕಂಡರೆ ಅದು ಮಿಥ್ಯೆ. ಅದ್ವೈತಿಗಳು ಇದನ್ನು ಇನ್ನಷ್ಟು ಬಿಗಿ ಮಾಡಿದರು: ಸತ್ತೂ (ನಿಜವಾಗಿ ಇರುವುದೂ) ಅಲ್ಲ, ಅಸತ್ತೂ (ಏನೂ ಇಲ್ಲದ್ದೂ) ಅಲ್ಲ. ಮೊಲದ ಕೊಂಬು ಅಸತ್ತು, ಅದು ಯಾರ ಕಣ್ಣಿಗೂ ಬಿದ್ದಿಲ್ಲ. ಹಗ್ಗದಲ್ಲಿ ಕಂಡ ಹಾವು ಮಿಥ್ಯೆ. ಕಂಡಿತು, ಬೆವರಿಳಿಸಿತು, ದೀಪ ತಂದ ಮೇಲೆ ಹೋಯಿತು. ಬೆವರು ಮಾತ್ರ ಅಂಗಿಯಲ್ಲೇ ಇದೆ.

"ನಾವು ಮಾಧ್ವರು, ನಮಗೆ ಈ ನಡುವಿನ ವರ್ಗವೇ ಒಪ್ಪಿಗೆಯಿಲ್ಲ" ಎನ್ನುವವರು ಮುಂಬಯಿಯ ಉಡುಪಿ ಮೂಲದವರಲ್ಲಿ ಧಾರಾಳ ಸಿಗುತ್ತಾರೆ. ಒಳ್ಳೆಯ ವಾದ. 'ಮಿಥ್ಯಾತ್ವಾನುಮಾನ ಖಂಡನ' ಎಂಬ ಗ್ರಂಥವನ್ನೇ ಆಚಾರ್ಯರು ಬರೆದಿದ್ದಾರೆ. ಅವರ ಪ್ರಕಾರ ಹಗ್ಗದ ಹಾವು ಅಸತ್ತೇ, ನಡುವಿನದೇನೂ ಇಲ್ಲ. ಆದರೆ ಅದೇ ಆಚಾರ್ಯರು ಕನಸನ್ನು ಸತ್ಯ ಎಂದವರು! ಮನಸ್ಸಿನ ವಾಸನೆಗಳಿಂದ, ಅಂದರೆ ಹಳೆಯ ಅನುಭವಗಳ ಅಚ್ಚುಗಳಿಂದ, ದೇವರು ಕಟ್ಟಿದ ಕನಸಿನ ಆನೆ ನಿಜವಾದದ್ದೇ, ಅದನ್ನು ಎಚ್ಚರದ ಆನೆ ಎಂದುಕೊಂಡದ್ದಷ್ಟೇ ತಪ್ಪು. ಹಾಗಾಗಿ ಬೇರೆಯವರು ಕಟ್ಟಿಕೊಟ್ಟ ಲೋಕವನ್ನು ಸುಳ್ಳು ಎಂದು ತಳ್ಳಿಹಾಕಲು ಆ ಕಡೆಯಿಂದಲೂ ದಾರಿಯಿಲ್ಲ.

ಇಂಗ್ಲಿಷಿನ 'ವರ್ಚುವಲ್' ಕಥೆಯೂ ಸ್ವಾರಸ್ಯದ್ದು. ಲ್ಯಾಟಿನ್ನಿನ 'ವಿರ್' ಎಂದರೆ ಗಂಡಸು, ನಮ್ಮ 'ವೀರ'ನ ದಾಯಾದಿ. ಅದರಿಂದ 'ವಿರ್ತುಸ್', ಕಸುವು. ಮೈಯಿಲ್ಲದಿದ್ದರೂ ಕಸುವಿರುವುದು ವರ್ಚುವಲ್. 'ವರ್ಚುವಲ್ ರಿಯಾಲಿಟಿ' ಎಂಬ ಜೋಡುಪದವನ್ನು ಜರಾನ್ ಲಾನಿಯರ್ 1980ರ ದಶಕದಲ್ಲಿ ಕಂಪ್ಯೂಟರ್ ಲೋಕದಲ್ಲಿ ಚಲಾವಣೆಗೆ ತಂದರು, ನಿಜ. ಆದರೆ ಫ್ರೆಂಚ್ ರಂಗಕರ್ಮಿ ಆಂಟೊನಿನ್ ಆರ್ತೋ 1938ರಲ್ಲೇ ನಾಟಕದ ಬಗ್ಗೆ ಬರೆಯುತ್ತ ತನ್ನ ಭಾಷೆಯಲ್ಲಿ ಅದನ್ನು ಬಳಸಿದ್ದ. ಶಾಲೆಯಲ್ಲಿ ಕನ್ನಡಿಯೊಳಗಿನದನ್ನು ಮಿಥ್ಯಾ ಪ್ರತಿಬಿಂಬ ಎಂದು ಕಲಿತದ್ದು ನೆನಪಿದೆಯಲ್ಲ? ಆ ಬಿಂಬವನ್ನು ಪರದೆಯ ಮೇಲೆ ಹಿಡಿಯಲಾಗದು. ಅದನ್ನೇ ನೋಡಿಕೊಂಡು ನಿತ್ಯ ಗಡ್ಡ ಹೆರೆಯುತ್ತೇವೆ, ಕೈತಪ್ಪಿದರೆ ರಕ್ತ ಬರುವುದು ಈಚೆಗಿನ ಗಲ್ಲದಲ್ಲಿ.

ಈಗ ಕಾದಂಬರಿ. 1996ರಿಂದ 2001ರವರೆಗೆ ನಾಲ್ಕು ಸಂಪುಟ, ಒಂದೊಂದೂ ಆರುನೂರು ಪುಟ ಮೀರಿದ್ದು. ಡರ್ಬನ್‌ನ ರೆನಿ ಅದರಲ್ಲಿನ ಮಿಥ್ಯಾವಾಸ್ತವದ ಕಂಪ್ಯೂಟರ್ ಜಾಲದೊಳಗೆ ಇಳಿಯುವುದು ತಮ್ಮ ಸ್ಟೀಫನ್ ಎಚ್ಚರ ತಪ್ಪಿ ಆಸ್ಪತ್ರೆಯಲ್ಲಿ ಮಲಗಿದ್ದಾನೆಂದು. ಇಳಿದವರಿಗೆ ಹೊರಬರುವ ದಾರಿ ಮುಚ್ಚುತ್ತದೆ, ಒಳಗಿನ ಸಾವು ಹೊರಗಿನ ದೇಹಕ್ಕೂ ತಟ್ಟುತ್ತದೆ. 'ಹೆಡ್‌ಸೆಟ್ ತೆಗೆದಿಟ್ಟರೆ ಮುಗೀತಲ್ಲ' ಎನ್ನುವವರು ಯಾವ ಪುಸ್ತಕ ಓದಿದರೋ! ಆರ್ಲ್ಯಾಂಡೊ ಎಂಬ ಹುಡುಗನಿಗೆ ಅಕಾಲ ಮುಪ್ಪಿನ ರೋಗ, ಪ್ರೊಜೇರಿಯಾ. ಜಾಲದ ಆಟದಲ್ಲಿ ಅವನು ಕತ್ತಿ ಹಿಡಿದ ದೈತ್ಯ ಯೋಧ. ಇವೆರಡರಲ್ಲಿ ಯಾವುದು ಅವನ ಸುಳ್ಳು ಮೈ, ಹೇಳಿ ನೋಡೋಣ.

ಜಗಳ ಜೋರಾಗುವುದು ಎರಡನೇ ಸಂಪುಟದ ಅಡುಗೆಮನೆಯಲ್ಲಿ. ಜಾಲದ ಆ ಲೋಕದಲ್ಲಿ ಡಬ್ಬಿ, ಬಾಟಲಿಗಳ ಮೇಲಿನ ಚಿತ್ರಗಳಿಗೆ ಜೀವ ಬಂದಿದೆ. ಬೆಂಕಿಪೊಟ್ಟಣದ ಮೇಲಿನ ರೆಡ್ ಇಂಡಿಯನ್ ನಾಯಕ ಕಳುವಾದ ಮಗುವನ್ನು ಹುಡುಕಿಕೊಂಡು ಹೊರಟಿದ್ದಾನೆ. ಬಾಲಿಶ ಎಂದು ಅರ್ಧ ಜನ ಅಲ್ಲೇ ಪುಸ್ತಕ ಮುಚ್ಚುತ್ತಾರೆ. ಉಳಿದರ್ಧ ಜನಕ್ಕೆ ಇಡೀ ಸರಣಿಯಲ್ಲಿ ನೆನಪಿರುವುದೇ ಅದು. ನಾನು ಎರಡನೆಯವರ ಕಡೆ. ಚೀಟಿಯ ಮೇಲಿನ ಚಿತ್ರ ಎಂದು ಗೊತ್ತಿದ್ದೂ ಆ ಅಪ್ಪನ ಸಂಕಟಕ್ಕೆ ಮನಸ್ಸು ಕಲಕುತ್ತದಲ್ಲ, ಮಿಥ್ಯೆಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ಉದ್ದದ ಬಗ್ಗೆ ಗೊಣಗುವವರ ಜೊತೆ ಮಾತ್ರ ನನಗೆ ತಕರಾರಿಲ್ಲ. ಎಳೆದಿದ್ದಾರೆ, ಮೂರನೆಯದರಲ್ಲಂತೂ ತುಂಬಾ. ಆದರೆ ಇದು ನಾಲ್ಕು ಪುಸ್ತಕಗಳ ಸರಣಿಯಲ್ಲ, ನಾಲ್ಕಾಗಿ ಕತ್ತರಿಸಿದ ಒಂದೇ ಕಾದಂಬರಿ. ಕಿಂಗ್ಸ್ ಸರ್ಕಲ್ಲಿನ ಹಳೇ ಪುಸ್ತಕದ ಸಾಲಿನಲ್ಲಿ ಬಿಡಿ ಸಂಪುಟ ಕಂಡರೆ ಅದು ಮೊದಲನೆಯದೇ ಎಂದು ನೋಡಿಕೊಂಡು ಚೌಕಾಸಿಗಿಳಿಯಿರಿ.