ನಗುವಿಗೆ ಮುಂಚಿನ ಮಾತು: ನಗು, ದೇಹ, ಸಂಬಂಧ ಕುರಿತ ಓದಿನ ಟಿಪ್ಪಣಿ

ನಗುವಿನ ಬಗ್ಗೆ ಬರೆಯಲು ಕೂತರೆ ನಾವೆಲ್ಲ ಜೋಕಿನಿಂದಲೇ ಶುರು ಮಾಡುತ್ತೇವೆ. ನಾನೂ ಹಾಗೇ ಮಾಡಿದ್ದೆ. ಆಮೇಲೆ ಆ ಹಾಳೆ ಪಕ್ಕಕ್ಕಿಟ್ಟು, ಒಂದು ಭಾನುವಾರ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಹತ್ತಿರ ನೋಟ್‌ಬುಕ್ ಹಿಡಿದು ಕೂತೆ. ಯಾರಾದರೂ ನಕ್ಕರೆ, ಅದಕ್ಕೆ ತುಸು ಮುಂಚೆ ಅವರು ಆಡಿದ ಮಾತನ್ನು ಬರೆದುಕೊಳ್ಳುವುದು, ಅಷ್ಟೇ ಕೆಲಸ.

ಪುಟ ಬೇಗ ತುಂಬಿತು. "ಏನ್ ಸ್ವಾಮಿ, ನಿನ್ನೆ ಪತ್ತೆನೇ ಇಲ್ಲ?" ಇಬ್ಬರೂ ನಕ್ಕರು. "ಮೊಮ್ಮಗಳು ಬಂದಿದ್ಲು ಕಣ್ರೀ." ಮತ್ತೆ ನಗು. "ಬರ್ತೀನಪ್ಪ, ಮನೇಲಿ ಕಾಫಿ ಆರೋಗುತ್ತೆ." ಇದಕ್ಕಂತೂ ನಾಲ್ಕು ಜನ ಒಟ್ಟಿಗೆ ನಕ್ಕರು. ಹಾಳೆಯಲ್ಲಿ ಇವನ್ನು ಓದಿ ನೋಡಿ, ನಗು ಬರುವಂಥದ್ದು ಏನೂ ಇಲ್ಲ. ಚಟಾಕಿ ಅನ್ನಬಹುದಾದದ್ದು ಇಡೀ ಪುಟದಲ್ಲಿ ಎರಡೇ ಇದ್ದವು.

ಇದು ನನ್ನ ಸ್ವಂತ ಉಪಾಯವಲ್ಲ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಪ್ರೊವೈನ್ ಮತ್ತು ಅವರ ವಿದ್ಯಾರ್ಥಿಗಳು ಅಂಗಡಿ ಬೀದಿ, ಕಾಲೇಜು ಆವರಣಗಳಲ್ಲಿ ಹೀಗೇ ಕಿವಿಗೊಟ್ಟು 1200 ನಗುಗಳನ್ನು ದಾಖಲಿಸಿದ್ದರು. ಅವುಗಳಲ್ಲಿ ಹಾಸ್ಯ ಎನ್ನಬಹುದಾದ ಮಾತಿನ ಹಿಂದೆ ಬಂದದ್ದು ಶೇ. 10ರಿಂದ 20 ಮಾತ್ರ. ಕೇಳುವವರಿಗಿಂತ ಮಾತಾಡುವವರೇ ಹೆಚ್ಚು ನಗುತ್ತಿದ್ದರು. ಒಬ್ಬರೇ ಇದ್ದಾಗಿಗಿಂತ ಜೊತೆಯಲ್ಲಿ ಜನ ಇದ್ದಾಗ ನಾವು ನಗುವ ಸಂಭವ ಸುಮಾರು 30 ಪಟ್ಟು ಹೆಚ್ಚು ಎಂಬುದೂ ಅವರು ಕಂಡುಕೊಂಡದ್ದೇ. ಈ ಟಿಪ್ಪಣಿಯಲ್ಲಿ ಒಂದೇ ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ನಗು ಮೊದಲು ನಂಟಿನ ಭಾಷೆ, ಹಾಸ್ಯಕ್ಕೆ ಕೊಡುವ ಉತ್ತರವೆಂಬುದು ಆಮೇಲೆ. ಆರೋಗ್ಯದ ಲಾಭಗಳನ್ನೂ ಈ ಕಡೆಯಿಂದ ನೋಡಿದರೇ ಚೆನ್ನಾಗಿ ಅರ್ಥವಾಗುತ್ತದೆ.

ಮೈಯಲ್ಲಿ ಏನಾಗುತ್ತದೆ?

ನಗು ಎಂದರೆ ಕತ್ತರಿಸಿ ಕತ್ತರಿಸಿ ಹೊರಬಿಡುವ ಉಸಿರು. ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪದರ), ಪಕ್ಕೆಲುಬುಗಳ ನಡುವಿನ ಸ್ನಾಯುಗಳು, ಹೊಟ್ಟೆಯ ಸ್ನಾಯುಗಳು ಸೇರಿ ಗಾಳಿಯನ್ನು ತಳ್ಳುತ್ತವೆ. ಒಂದೊಂದು "ಹ" ಸುಮಾರು 75 ಮಿಲಿಸೆಕೆಂಡ್ ಇರುತ್ತದೆ, ಸುಮಾರು 210 ಮಿಲಿಸೆಕೆಂಡಿಗೊಮ್ಮೆ ಮರುಕಳಿಸುತ್ತದೆ. ಅಂದರೆ ಸೆಕೆಂಡಿಗೆ ಸುಮಾರು ಐದು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು ಅನ್ನುತ್ತೇವಲ್ಲ, ಆ ನೋವು ದುಡಿದ ಸ್ನಾಯುಗಳದ್ದು.

ಮುಖದ ವಿಚಾರಕ್ಕೆ ಫ್ರಾನ್ಸಿನ ನರವೈದ್ಯ ಡುಶೆನ್ ಹೆಸರು ಗೊತ್ತಿರಬೇಕು. 1862ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವನು ಎರಡು ಸ್ನಾಯುಗಳನ್ನು ಬೇರೆ ಮಾಡಿ ತೋರಿಸಿದ. ಬಾಯಿಯ ತುದಿಯನ್ನು ಮೇಲಕ್ಕೆ ಎಳೆಯುವ ಸ್ನಾಯು ನಾವು ಹೇಳಿದ ಹಾಗೆ ಕೇಳುತ್ತದೆ, ಕಣ್ಣಿನ ಸುತ್ತಲಿನದು ಅಷ್ಟು ಸುಲಭಕ್ಕೆ ಕೇಳುವುದಿಲ್ಲ. ನಮ್ಮ ಮಾತಿನಲ್ಲಿ ಈ ಭೇದ ಮೊದಲಿಂದಲೂ ಇದೆ. ಒಬ್ಬರು "ಕಣ್ಣಲ್ಲೇ ನಗುತ್ತಾರೆ", ಇನ್ನೊಬ್ಬರು "ಹಲ್ಲು ಕಿರಿಯುತ್ತಾರೆ".

ನೋವಿನ ಮೇಲಿನ ಪ್ರಯೋಗಗಳು ನನಗೆ ಎಲ್ಲಕ್ಕಿಂತ ಇಷ್ಟವಾದವು. 2011ರಲ್ಲಿ ಆಕ್ಸ್‌ಫರ್ಡಿನ ಮನೋವಿಜ್ಞಾನಿ ರಾಬಿನ್ ಡನ್‌ಬಾರ್ ಅವರ ತಂಡ, ಚೆನ್ನಾಗಿ ನಕ್ಕ ಮೇಲೆ ಜನರ ನೋವು ತಡೆಯುವ ಮಿತಿ ಏರುವುದನ್ನು ತೋರಿಸಿತು. ದೇಹವೇ ತಯಾರಿಸುವ ನೋವುಶಾಮಕ ಎಂಡಾರ್ಫಿನ್ ಕಾರಣವಿರಬೇಕು ಎಂಬುದು ಆಗ ಊಹೆ. 2017ರಲ್ಲಿ ಫಿನ್ಲೆಂಡಿನ ತುರ್ಕುವಿನಲ್ಲಿ, ಆಪ್ತ ಗೆಳೆಯರ ಜೊತೆ ಕೂತು ಹಾಸ್ಯದ ತುಣುಕು ನೋಡಿ ನಕ್ಕವರ ಮಿದುಳನ್ನು ಪೆಟ್ ಸ್ಕ್ಯಾನ್ (ಒಳಗಿನ ರಾಸಾಯನಿಕ ಬದಲಾವಣೆ ತೋರಿಸುವ ಚಿತ್ರಣ) ಮಾಡಿದರು. ಇಂಥ ನೋವುಶಾಮಕಗಳು ಅಲ್ಲಿ ಬಿಡುಗಡೆಯಾದದ್ದು ಕಂಡಿತು. ಆದರೆ ಭಾಗವಹಿಸಿದ್ದವರು 12 ಜನ ಮಾತ್ರ, ಎಲ್ಲರೂ ಗಂಡಸರು. ಇದರ ಬಗ್ಗೆ ಬರೆಯುವಾಗ ಈ ಮಾತನ್ನು ಬಿಡಬೇಡಿ. 2005ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ಹೃದ್ರೋಗ ತಜ್ಞ ಮೈಕೆಲ್ ಮಿಲ್ಲರ್ ಅವರ ತಂಡ ನಗಿಸುವ ಸಿನಿಮಾ ತುಣುಕು ನೋಡಿದವರ ರಕ್ತನಾಳದಲ್ಲಿ ಹರಿವು ಸರಾಸರಿ ಶೇ. 22 ಹೆಚ್ಚಿದ್ದನ್ನು, ಕಳವಳ ಹುಟ್ಟಿಸುವ ತುಣುಕಿಗೆ ಶೇ. 35 ತಗ್ಗಿದ್ದನ್ನು ಅಳೆಯಿತು. ಅಲ್ಲೂ ಇದ್ದದ್ದು 20 ಜನ. ಹಾಗಾಗಿ "ನಗು ಹೃದ್ರೋಗ ವಾಸಿ ಮಾಡುತ್ತದೆ" ಎಂದು ದಯವಿಟ್ಟು ಬರೆಯಬೇಡಿ. ಒತ್ತಡ ಇಳಿಯುತ್ತದೆ, ನೋವು ಸ್ವಲ್ಪ ಹೊತ್ತು ಸಹ್ಯವಾಗುತ್ತದೆ ಎನ್ನಿ. ಔಷಧಿಯ ಜಾಗದಲ್ಲಿ ನಗುವನ್ನು ಇಡುವಂತಿಲ್ಲ. ಹರ್ನಿಯಾ ಇರುವವರು, ಹೊಟ್ಟೆಯ ಆಪರೇಷನ್ ಆಗಿ ಹೊಲಿಗೆ ಮಾಯದವರು ಜೋರಾಗಿ ನಗುವ ಕಸರತ್ತಿಗೆ ಇಳಿಯಬಾರದು.

ಇಂಥ ಕಸರತ್ತನ್ನೇ ಗುಂಪಿನಲ್ಲಿ ಮಾಡಿಸುವ ನಗೆಯೋಗ ಶುರುವಾದದ್ದು 1995ರಲ್ಲಿ, ಮುಂಬೈಯ ಒಂದು ಪಾರ್ಕಿನಲ್ಲಿ. ವೈದ್ಯ ಮದನ್ ಕಟಾರಿಯಾ ಸೇರಿ ಐದೇ ಜನ. ಕೆಲವೇ ದಿನಕ್ಕೆ ಜೋಕು ಖಾಲಿಯಾಗಿ, ಜೋಕಿಲ್ಲದೆ ನಗುವುದನ್ನು ಕಟ್ಟಿಕೊಂಡರು. ಅಲ್ಲಿ ಕಣ್ಣಲ್ಲಿ ಕಣ್ಣಿಟ್ಟು ನಗಲು ಹೇಳುವುದು ಯಾಕೆಂದು ಪ್ರೊವೈನ್ ಓದಿದ ಮೇಲೆ ನನಗೆ ತಿಳಿಯಿತು: ನಗು ಬರಲು ಜೋಕಿಗಿಂತ ಜೊತೆ ಮುಖ್ಯ.

ಸಂಬಂಧಗಳಲ್ಲಿ

ಜೊತೆಗೆ ನಗುವುದು ಬೇರೆ, ನಗೆಪಾಟಲು ಮಾಡುವುದು ಬೇರೆ. ಎರಡನೆಯದು ಮನೆ ಒಡೆಯುತ್ತದೆ, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೊದಲನೆಯದರ ಬಗ್ಗೆ 2015ರಲ್ಲಿ ಮನೋವಿಜ್ಞಾನಿಗಳಾದ ಲಾರಾ ಕರ್ಟ್ಸ್ ಮತ್ತು ಸಾರಾ ಆಲ್ಗೋ ಮಾಡಿದ ಅಧ್ಯಯನ ಓದಿ. ಜೋಡಿಗಳನ್ನು ಕೂರಿಸಿ, ಮೊದಲು ಭೇಟಿಯಾದದ್ದು ಹೇಗೆಂದು ಕೇಳಿ ಚಿತ್ರೀಕರಿಸಿದರು. ಒಟ್ಟಿಗೇ, ಅದೇ ಕ್ಷಣಕ್ಕೆ ನಕ್ಕ ಹೊತ್ತು ಹೆಚ್ಚಿದ್ದ ಜೋಡಿಗಳಲ್ಲಿ ಆಪ್ತತೆಯೂ ಹೆಚ್ಚಿತ್ತು. ನಗುವಿನಿಂದ ಆಪ್ತತೆಯೋ, ಆಪ್ತತೆಯಿಂದ ನಗುವೋ ಎಂಬುದು ಇದರಿಂದ ತೀರ್ಮಾನವಾಗುವುದಿಲ್ಲ.

ಮಂಡ್ಯದ ಕಡೆ ನಮ್ಮೂರಿಗೆ ಹೋದಾಗ ಇದನ್ನೇ ಮನೆಯಲ್ಲಿ ಕೇಳಿದೆ. ಊಟ ಮುಗಿದಿತ್ತು, ಅಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಹೆಣ್ಣು ನೋಡೋಕೆ ಬಂದ ದಿನ ಏನಾಯ್ತು ಅಂದೆ.

"ಉಪ್ಪಿಟ್ಗೆ ಉಪ್ಪೇ ಇರ್ನಿಲ್ಲ ಕಣ್ ಮಗ," ಅಂದರು ಅಪ್ಪ.

"ಉಪ್ಪಿರ್ನಿಲ್ಲ ಅಂತ ಮೂರ್ ಸಲ ಹಾಕುಸ್ಕಂಡ್ರಾ?"

ಅಮ್ಮನ ಮಾತು ಮುಗಿಯುವ ಮೊದಲೇ ಅಪ್ಪನ ಭುಜ ಕುಲುಕಲು ಶುರುವಾಗಿತ್ತು. ಅಮ್ಮನ ಕೈಯಲ್ಲಿ ಅರ್ಧ ಬಿಡಿಸಿದ ಕಾಯಿ ಹಾಗೇ ನಿಂತಿತು. ಇಬ್ಬರಿಗೂ ಅದು ನೂರು ಸಲ ಕೇಳಿದ ಕತೆ.